ರಂಗನತಿಟ್ಟಿನಲ್ಲಿ ಒಂದೂ ಹಕ್ಕಿ ಕಾಣದೆ ಬರುವ ಕ್ರಮ

ಮೊದಲೇ ಹೇಳಿಬಿಡುತ್ತೇವೆ, ಇದು ಸುಲಭದ ಕೆಲಸವಲ್ಲ. ಬೇರೆಡೆಯ ಕೆರೆಗಳಲ್ಲಿ ಹಕ್ಕಿ ದೂರದ ಚುಕ್ಕಿ. ಕಾಣದಿದ್ದರೂ ಯಾರೂ ಕೇಳುವುದಿಲ್ಲ. ಇಲ್ಲಿ ದೋಣಿ ಗೂಡುಗಳ ಪಕ್ಕದಲ್ಲೇ ಹಾಯುತ್ತದೆ. ಸಿದ್ಧತೆ ಬೇಕೇ ಬೇಕು.

ಭಾನುವಾರವನ್ನೇ ಆರಿಸಿ. ಬೆಂಗಳೂರಿನವರಾದರೆ ಹೊಸ ಹೆದ್ದಾರಿ ಬಿಟ್ಟಿಳಿದು ಮದ್ದೂರು ವಡೆ ತಿನ್ನಿ, ಇನ್ನೆರಡು ಕಟ್ಟಿಸಿಕೊಳ್ಳಿ. ಮಧ್ಯಾಹ್ನಕ್ಕೆ ಮುಂಚೆ ಶ್ರೀರಂಗಪಟ್ಟಣ ತಲುಪುವುದು ಬೇಡ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ಹೋದರೆ ದೋಣಿಯೇ ಹೊರಡುವುದಿಲ್ಲ, ನಿಜ. ಆದರೆ ಅದು ಕಳ್ಳದಾರಿ. ಸಾಧಕರು ಫೆಬ್ರವರಿಯಲ್ಲಿ, ಗೂಡು ತುಂಬಿರುವಾಗಲೇ ಹೋಗಿ ಗೆದ್ದು ಬರಬೇಕು.

ಒಳಗೆ ಯಾವ ಫಲಕವನ್ನೂ ಓದಬೇಡಿ. ಕಾವೇರಿಗೆ ಒಡೆಯರ ಕಾಲದಲ್ಲಿ ಅಣೆ ಕಟ್ಟಿದ್ದರಿಂದ ಈ ತಿಟ್ಟುಗಳು ಮೂಡಿದವು, ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಜ್ಯದ ಮೊದಲ ರಾಮ್ಸಾರ್ ತಾಣವಾಯಿತು ಎಂದೆಲ್ಲ ತಿಳಿದರೆ ಕುತೂಹಲ ಹುಟ್ಟುತ್ತದೆ. ಹುಟ್ಟಿತೋ, ಕೆಟ್ಟಿರಿ.

ದೋಣಿಯಲ್ಲಿ ಮರಗಳಿಗೆ ಬೆನ್ನು ಹಾಕಿ ಕೂತು ಸೆಲ್ಫಿ ತೆಗೆಯಿರಿ. ಬಿಸಿಲಿಗೆ ಕೊಡೆ ಬಿಚ್ಚಿ. ಹಿಂದಿನವರಿಗೂ ಏನೂ ಕಾಣಬಾರದು. ಅದೇ ಹೊತ್ತಿಗೆ ಮೇಲೆ ಬಣ್ಣದ ಕೊಕ್ಕರೆಯೂ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದಿರುತ್ತದೆ. ನೋಡಬೇಡಿ, ಆಮೇಲೆ ಕೊಡೆ ಹಿಡಿಯಲು ನಾಚಿಕೆಯಾದೀತು.

ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ, ಮೈಯ ಕಾವು ಇಳಿಸಿಕೊಳ್ಳಲು. ಅದು ಹಕ್ಕಿಯಲ್ಲ, ಧಾರಾಳವಾಗಿ ನೋಡಬಹುದು. "ಪ್ಲಾಸ್ಟಿಕ್‌ದಾ ಇದು?" ಎಂದು ಕೇಳುವುದು ಸಂಪ್ರದಾಯ. ನಮ್ಮ ದೋಣಿಯವರು ಹುಟ್ಟು ನಿಲ್ಲಿಸಿ, "ಕೈ ಇಟ್ಟು ನೋಡಿ ಸಾರ್" ಅಂದರು. ಆಮೇಲೆ ಯಾರೂ ಕೇಳಲಿಲ್ಲ.

ದೊಡ್ಡ ಅಪಾಯವೆಂದರೆ ಈ ದೋಣಿಯವರೇ. ಚಮಚದ ಕೊಕ್ಕು, ನೀರುಕಾಗೆ, ಬರೀ ಬಂಡೆಯ ಮೇಲೆ ಮೊಟ್ಟೆಯಿಡುವ ರೀವ, ಒಂದೊಂದನ್ನೂ ನೆಂಟರಂತೆ ಪರಿಚಯಿಸುತ್ತಾರೆ. ಕಿವಿಗೆ ಇಯರ್‌ಫೋನ್ ಇರಲಿ. ವಿಶೇಷವಾಗಿ "ಬಾಯಿಕಳಕ" ಎಂಬ ಮಾತು ಕಿವಿಗೆ ಬೀಳಬಾರದು. ಕೇಳಿದರೆ, ಕೊಕ್ಕು ಮುಚ್ಚಿದರೂ ನಡುವೆ ಸಂದು ಯಾಕಿದೆ ಎಂದು ತಿರುಗಿ ನೋಡುತ್ತೀರಿ. ಅದು ಬಸವನಹುಳ ಹಿಡಿದು ತಿನ್ನುವ ಚಾಕಚಕ್ಯತೆಗೆ ಸೋಲುತ್ತೀರಿ.

ನಾನು ಸೋತದ್ದು ಅಲ್ಲೇ. ಕಟ್ಟಿಸಿಕೊಂಡ ವಡೆ ಸಂಜೆಯವರೆಗೂ ಕಾರಿನಲ್ಲೇ ಉಳಿದಿತ್ತು.

ನಿಮಗೂ ಹಾಗೇ ಆದರೆ ಈ ಕೈಪಿಡಿಯನ್ನು ಬಿಸಾಡಿ, ಮುಂದಿನ ಸಲ ವಾರದ ದಿನ ಬೆಳಿಗ್ಗೆ ಮೊದಲ ದೋಣಿಗೇ ಬನ್ನಿ. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ.