ಕಾಣುವ ಟೈರು, ಕಾಣದ ಗೇರು

ಡೊಂಬಿವಲಿಯಲ್ಲಿ ಮನುಷ್ಯನ ಯೋಗ್ಯತೆಯನ್ನು ಮೊದಲು ಬಿಎಚ್‌ಕೆಯಲ್ಲಿ ಅಳೆಯುತ್ತಿದ್ದರು, ಈಗ ಇಂಚಿನಲ್ಲಿ ಅಳೆಯುತ್ತಾರೆ. ಟೈರಿನ ಇಂಚು. ಸರಳ ಬದುಕಿನ ಮಹಾತ್ಮ ಹುಟ್ಟಿದ ದಿನವೇ, ಅಂದರೆ 2020ರ ಅಕ್ಟೋಬರ್ 2ರಂದು, ಮಹೀಂದ್ರದ ಹೊಸ ಥಾರ್ ಗಾಡಿ ಮಾರುಕಟ್ಟೆಗೆ ಇಳಿಯಿತು. ಅಂದಿನಿಂದ ಠಾಣೆಯ ಎಂಎಚ್ 04, ಕಲ್ಯಾಣದ 05, ನವಿ ಮುಂಬಯಿಯ 43ರ ನಂಬರ್ ಪ್ಲೇಟುಗಳು ವರ್ಷದಿಂದ ವರ್ಷಕ್ಕೆ ನೆಲ ಬಿಟ್ಟು ಮೇಲೇರುತ್ತಲೇ ಇವೆ. ಕಂಪನಿಯವರು ಕೊಟ್ಟದ್ದು 255/65 ಆರ್18ರ ಟೈರು. ಲೆಕ್ಕ ಹಾಕಿದರೆ ಎತ್ತರ 31 ಇಂಚು. ಎಂಜಿನ್ನು, ಗೇರು, ಬ್ರೇಕು ಎಲ್ಲವನ್ನೂ ತೂಗಿ ನೋಡಿ ನಿಗದಿ ಮಾಡಿದ ಆ 31 ನಮ್ಮವರ ಕಣ್ಣಿಗೆ ಚಿಕ್ಕದಾಗಿ ಕಂಡಿತು. 33 ಹಾಕಿಸಿದರು. ‘ಎ’ ವಿಂಗಿನವರು 33 ಹಾಕಿಸಿದ್ದನ್ನು ನೋಡಿ ‘ಬಿ’ ವಿಂಗಿನವರು 35 ಹಾಕಿಸಿದರು. ‘ಸಿ’ ವಿಂಗಿನವರಿಗೆ ಪಾರ್ಕಿಂಗಿನ ತೊಲೆ ಅಡ್ಡ ಬಂದದ್ದರಿಂದ ಪೈಪೋಟಿ ಸದ್ಯಕ್ಕೆ ಅಲ್ಲಿಗೇ ನಿಂತಿದೆ.

ನಮ್ಮ ಭಾವ 35ರ ಪಂಗಡ. ಊರು ಕುಂದಾಪುರದ ಕಡೆ, ಹೋಟೆಲು ಸ್ಟೇಷನ್ನಿನ ಪೂರ್ವಕ್ಕೆ. ಆ ಗಾಡಿ ಹತ್ತಲು ಅಕ್ಕನಿಗೆ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು ಬೇಕು. ಅದಕ್ಕೆ ಹಿಂದಿನ ಸೀಟಿನಲ್ಲಿ ಕಾಯಂ ಜಾಗ. ಯಕ್ಷಗಾನಕ್ಕೋ ಮದುವೆಗೋ ಹೋದಾಗ ಹಾಲ್‌ನ ಬಾಗಿಲಲ್ಲಿ ಮೊದಲು ಸ್ಟೂಲು ಇಳಿಯುತ್ತದೆ, ಆಮೇಲೆ ಸೀರೆಯ ನೆರಿಗೆ ಹಿಡಿದುಕೊಂಡು ಅಕ್ಕ. ಅವಳು ಇಳಿದು ಮುಗಿಯುವವರೆಗೆ ಹಿಂದಿನ ರಿಕ್ಷಾಗಳು ಹಾರ್ನ್ ಹೊಡೆಯುತ್ತವೆ. ಭಾವ ಅದನ್ನು ಸ್ವಾಗತದ ವಾದ್ಯವೆಂದು ತಿಳಿದಿದ್ದಾರೆ.

ಟೈರು ಹಾಕಿಸಿದ ಮೇಲೆ ಅವರದೊಂದು ದೂರು ಶುರುವಾಯಿತು. “ಆರನೇ ಗೇರಿಗೆ ಹಾಕಿದ್ರೆ ಗಾಡಿ ಸಾಯ್ತದೆ ಮಾರಾಯ್ರೆ. ಎಂಜಿನ್ನೇ ಸರಿ ಇಲ್ಲ.”

“ಎಂಜಿನ್ ಸರಿ ಇದೆ ಭಾವ. ಆಕ್ಸಲ್‌ನ ಗೇರು ಬದಲಿಸ್ಬೇಕು.”

“ಗೇರಾ? ಅದು ಎಲ್ಲಿ ಕಾಣ್ತದೆ?”

ಇಡೀ ಠಾಣೆ ಜಿಲ್ಲೆಯ ಅರ್ಥಶಾಸ್ತ್ರ ಈ ಒಂದು ಪ್ರಶ್ನೆಯಲ್ಲಿದೆ. ಟೈರು ಕಾಣುತ್ತದೆ, ಗೇರು ಕಾಣುವುದಿಲ್ಲ. ಅದು ಎರಡು ಚಕ್ರಗಳ ನಡುವಿನ ಹೌಸಿಂಗ್ ಒಳಗೆ, 90 ನಂಬರಿನ ಎಣ್ಣೆಯಲ್ಲಿ ಮುಳುಗಿಕೊಂಡು, ಒಂದು ಕ್ರೌನು ಒಂದು ಪಿನಿಯನ್ನು ಸೇರಿ ನಡೆಸುವ ಗುಪ್ತ ಸಂಸಾರ. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 11 ಇದ್ದರೆ ಅನುಪಾತ 3.73. ಅಂದರೆ ಪ್ರೊಪೆಲ್ಲರ್ ಶಾಫ್ಟು 3.73 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಇಂಥ ಗಾಡಿಗೆ 31 ಹೋಗಿ 35 ಬಂತೆನ್ನಿ. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಎಂಜಿನ್ನಿಗೆ ಅಷ್ಟೇ ಭಾರ ಹೆಚ್ಚು ಬೀಳುತ್ತದೆ. 3.73 ಇದ್ದದ್ದು 3.30ರಂತೆ ವರ್ತಿಸುತ್ತದೆ. ಎಳೆತದಲ್ಲಿ ನೂರಕ್ಕೆ ಹನ್ನೊಂದು ಪಾಲು ಸೋರಿಹೋಯಿತು. ಮಾಲೀಕ ದುಡ್ಡು ಕೊಟ್ಟು ಗಾಡಿಯನ್ನು ಬಡಕಲು ಮಾಡಿಸಿಕೊಂಡು, ಮೇಲಿಂದ ಅದರ ಫೋಟೊ ಹಾಕಿದ.

ಪರಿಹಾರದ ಲೆಕ್ಕ ಐದನೇ ಕ್ಲಾಸಿನದು. ಹೊಸ ಟೈರಿನ ಎತ್ತರವನ್ನು ಹಳೆಯದರಿಂದ ಭಾಗಿಸಿ, ಹಳೆಯ ಅನುಪಾತದಿಂದ ಗುಣಿಸಿ. 35 ಭಾಗಿಸು 31, ಗುಣಿಸು 3.73: ಸುಮಾರು 4.21. ಆದರೆ ನಿಮ್ಮ ಉತ್ತರಕ್ಕೆ ಸರಿಯಾಗಿ ಯಾರೂ ಹಲ್ಲು ಕೊಯ್ದು ಇಟ್ಟಿರುವುದಿಲ್ಲ. ಆ ಆಕ್ಸಲ್ಲಿಗೆ ಏನು ಸಿಗುತ್ತದೋ ಅದರಲ್ಲಿ ಆರಿಸಬೇಕು: 41ಕ್ಕೆ 10 ಹಲ್ಲಿನ 4.10, ಇಲ್ಲವೇ 41ಕ್ಕೆ 9ರ 4.56. ಟೈರು ಎತ್ತರವಷ್ಟೇ ಆಗಿಲ್ಲ, ತೂಕವೂ ಏರಿದೆ ಎಂದು ಬಲ್ಲವರು 4.56ರ ಕಡೆ ವಾಲುತ್ತಾರೆ. ಅಲ್ಲೂ ಒಂದು ಕೊಕ್ಕೆ. ಅನುಪಾತ ಏರಿದಷ್ಟೂ ಪಿನಿಯನ್ನು ಸಣ್ಣದಾಗುತ್ತದೆ. ಕೆಲಸ ಹೆಚ್ಚಿದಂತೆ ಕೆಲಸದವನು ಬಡವಾಗುತ್ತಾನೆ. ಭಾವನಿಗೆ ಈ ತತ್ತ್ವ ಹೋಟೆಲಿನಿಂದಲೇ ಗೊತ್ತಿರಬೇಕಿತ್ತು.

ಇಷ್ಟಾದರೂ ಮುಗಿಯಲಿಲ್ಲ. ಫೋರ್ ವೀಲ್ ಗಾಡಿಗೆ ಆಕ್ಸಲ್ ಎರಡು, ಎರಡರಲ್ಲೂ ಒಂದೇ ಅನುಪಾತ ಇರಬೇಕು. “ಹಿಂದಿನದು ಈಗ ಹಾಕ್ಸುವಾ, ಮುಂದಿನದು ದೀಪಾವಳಿಗೆ” ಎನ್ನುವವರು ಧಾರಾಳ ಸಿಗುತ್ತಾರೆ. ಫೋರ್ ವೀಲ್ ಹಾಕಿದ ಮೇಲೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ, ನಡುವೆ ಸಿಕ್ಕ, ಎರಡೂ ಆಕ್ಸಲ್ಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸು ಪುಡಿಯಾಗುತ್ತದೆ. ಆದ್ದರಿಂದ ಸಾಮಾನಿನ ಖರ್ಚು ಎರಡು ಪಾಲು, ಕೂಲಿಯೂ ಎರಡು ಪಾಲು. ಕೂಲಿಯೇನು ಕಡಿಮೆಯಲ್ಲ. ಹಲ್ಲಿಗೆ ಹಳದಿ ಪೇಂಟು ಬಳಿದು, ತಿರುಗಿಸಿ, ಅಚ್ಚು ಎಲ್ಲಿ ಬಿತ್ತೆಂದು ನೋಡಿ, ಕಾಗದದಷ್ಟು ತೆಳ್ಳಗಿನ ಶಿಮ್ ಒಂದನ್ನು ತೆಗೆದು ಇನ್ನೊಂದನ್ನು ಹಾಕಿ, ಡಯಲ್ ಗೇಜಿನಲ್ಲಿ ಹಲ್ಲುಗಳ ನಡುವಿನ ಸಡಿಲವನ್ನು 0.15ರಿಂದ 0.25 ಮಿಲಿಮೀಟರಿನ ಒಳಗೆ ತರುವ ಹೊತ್ತಿಗೆ ಒಳ್ಳೆಯ ಮೇಸ್ತ್ರಿಯ ಎರಡು ದಿನ ಹೋಗಿರುತ್ತದೆ. ಅಂದಾಜಿನಲ್ಲಿ ಬಿಗಿದು ಕೊಟ್ಟರೆ ಗಾಡಿ ಅರವತ್ತರ ವೇಗದಲ್ಲಿ ಊಳಿಡಲು ಶುರುಮಾಡುತ್ತದೆ. ಸ್ಟೀರಿಯೊ ಜೋರು ಮಾಡುವುದೊಂದೇ ಉಪಾಯ. ಎಲ್ಲ ಸರಿಯಾಗಿ ಕೂತರೂ ಮೊದಲ 800 ಕಿಲೋಮೀಟರ್ ಮೆತ್ತಗೆ ಓಡಿಸಿ ಎಣ್ಣೆ ಬದಲಿಸಬೇಕು. ಇಷ್ಟು ಸುರಿದ ಮೇಲೆ ಹೊರಗಿನಿಂದ ಕಾಣುವ ವ್ಯತ್ಯಾಸ: ಏನೂ ಇಲ್ಲ. ಇಂಥ ಖರ್ಚಿಗೆ ಯಾವ ಮಾನವಂತ ಒಪ್ಪುತ್ತಾನೆ?

ಕಾನೂನಿಗೂ ಕಾಣುವುದರ ಮೇಲೆಯೇ ಕಣ್ಣು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಅದರ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು, ಎರಡೂ ಹೇಳುವುದು ಇಷ್ಟೇ: ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸಕೂಡದು. ನಾಕಾದಲ್ಲಿ ನಿಂತ ಪೊಲೀಸಪ್ಪ ಫೆಂಡರಿನಿಂದ ಹೊರಗೆ ಇಣುಕುವ ರಬ್ಬರನ್ನು ನೋಡಿ ಸೀಟಿ ಊದುತ್ತಾನೆ. ಹೌಸಿಂಗ್ ಬಿಚ್ಚಿ ಹಲ್ಲು ಎಣಿಸುವವನು ಇನ್ನೂ ಇಲಾಖೆಗೆ ಸೇರಿಲ್ಲ.

ಕ್ಯಾಮೆರಾಗಳ ಕತೆ ಬೇರೆ. ಸ್ಪೀಡೊಮೀಟರು ಪಾಪ 31ನ್ನೇ ನಂಬಿ ಕೂತಿದೆ. ಅದು ನೂರು ತೋರಿಸುವಾಗ 35ರ ಗಾಡಿ ನಿಜಕ್ಕೂ 113ರಲ್ಲಿರುತ್ತದೆ. ಪುಣೆ ಎಕ್ಸ್‌ಪ್ರೆಸ್‌ವೇಯ ಸಮತಟ್ಟಿನಲ್ಲಿ ಕಾರಿಗೆ ಮಿತಿ ನೂರು. ಮುಳ್ಳನ್ನು ಸರಿಯಾಗಿ ನೂರಕ್ಕೆ ನಿಲ್ಲಿಸಿ, ಶಿಸ್ತಿನ ನಾಗರಿಕನೆಂಬ ತೃಪ್ತಿಯಲ್ಲಿ ಹೋದವನ ಮೊಬೈಲಿಗೆ ಲೋಣಾವಳದ ಚಿಕ್ಕಿ ಬಾಯಲ್ಲಿರುವಾಗಲೇ ಇ-ಚಲನ್ ಬರುತ್ತದೆ. ಗೇರ್‌ಬಾಕ್ಸಿನಿಂದ ವೇಗ ಅಳೆಯುವ ಹಳೆಯ ಗಾಡಿಗಳಲ್ಲಿ ಆಕ್ಸಲ್ ಗೇರು ಬದಲಿಸಿದರೆ ಈ ಸುಳ್ಳು ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ. ಚಕ್ರದ ಸೆನ್ಸರಿನಿಂದ ಅಳೆಯುವ ಹೊಸ ಗಾಡಿಗಳಲ್ಲಿ ಅದೂ ಇಲ್ಲ, ಕಂಪ್ಯೂಟರಿಗೆ ಬೇರೆಯಾಗಿ ಪಾಠ ಹೇಳಿಕೊಡಬೇಕು.

ಅನುಪಾತ ಆರಿಸಲು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ವಾಶಿಯ ಟ್ರಕ್ ಟರ್ಮಿನಲ್ ಕಡೆಯ ಮುದುಕ ಮೇಸ್ತ್ರಿ ಭಾವನಿಗೆ ಕೇಳಿಯೇಬಿಟ್ಟ. “ಸೇಟ್, ಗಾಡಿ ಚಲ್ತಿ ಕಿಧರ್?” ಭಾವ ಎದೆ ಮುಂದೆ ಮಾಡಿ “ಮಾಳಶೇಜ್, ಲಡಾಖ್” ಎಂದರು. ಮೇಸ್ತ್ರಿ ಬಗ್ಗಿ ಟೈರಿನ ಗುಬಟು ನೋಡಿದ. ಅಚ್ಚಿನಿಂದ ಹೊರಬಂದಾಗಿನ ಸಣ್ಣ ರಬ್ಬರ್ ಕೂದಲು ಇನ್ನೂ ಉದುರಿರಲಿಲ್ಲ. ಅವನು ಮಾತಾಡದೆ ಚಹಾ ತರಿಸಿದ.

ಹೋಗುವುದಾದರೂ ಎಲ್ಲಿಗೆ? ಠಾಣೆಯ ಯೇವೂರು ಗುಡ್ಡ ರಾಷ್ಟ್ರೀಯ ಉದ್ಯಾನದ ಕಾಡು. ಅಲ್ಲಿ ಚಕ್ರ ಉರುಳಿಸಿದರೆ ಅರಣ್ಯ ಇಲಾಖೆ ಬರುತ್ತದೆ. ನವಿ ಮುಂಬಯಿಯಲ್ಲಿ ಹತ್ತಲು ಉಲ್ವೆ ಗುಡ್ಡವಿತ್ತು. ಅದನ್ನು ಕೊರೆದು ಸಮ ಮಾಡಿ, ಪಕ್ಕದ ನದಿಯ ದಾರಿ ತಿರುಗಿಸಿ, 2025ರ ಅಕ್ಟೋಬರಿನಲ್ಲಿ ವಿಮಾನ ನಿಲ್ದಾಣ ಉದ್ಘಾಟಿಸಿದರು. ಗುಡ್ಡಗಳಿದ್ದಲ್ಲೆಲ್ಲ ರಸ್ತೆಯಾಯಿತು, ರಸ್ತೆಯಿದ್ದಲ್ಲಿ ಗುಡ್ಡವಾಯಿತು. ಕಲ್ಯಾಣ-ಶೀಳ್ ರಸ್ತೆಯಲ್ಲಿ ಮೆಟ್ರೊ ಕೆಲಸದ ತಗಡಿನ ಬೇಲಿ, ಟ್ಯಾಂಕರು, ಕಾಟಾಯಿ ನಾಕಾ ಎಲ್ಲ ಸೇರಿ ಗಾಡಿಗಳನ್ನು ಒಂದನೇ ಎರಡನೇ ಗೇರಿನಲ್ಲೇ ಇಟ್ಟಿರುತ್ತವೆ. ಕಲ್ಲುಬಂಡೆ ಹತ್ತುವವರಿಗೆಂದು ಇರುವ 4.56 ಶೀಳ್‌ಫಾಟಾಕ್ಕೆ ಹೇಳಿಮಾಡಿಸಿದ ಅನುಪಾತ. ಆದರೆ ಹಾಗೆಂದು ಒಪ್ಪಿಕೊಳ್ಳುವ ಧೈರ್ಯ ಯಾವ ಸಾಹಸಿಗಿದೆ?

ಭಾವನೊಬ್ಬರನ್ನೇ ಬೈದರೆ ಅನ್ಯಾಯ, ಅವರು ಬದುಕುವ ಊರೇ ಹಾಗೆ ಕಲಿಸಿದೆ. 2025ರ ಜುಲೈ 4ರಂದು ಇದೇ ಕಲ್ಯಾಣ-ಶೀಳ್ ರಸ್ತೆಯಲ್ಲಿ, ವರ್ಷಗಟ್ಟಲೆ ಕಾಯಿಸಿದ ಪಲಾವಾ ಮೇಲ್ಸೇತುವೆಯ ರಿಬ್ಬನ್ ಕತ್ತರಿಸಿದರು. ಕೆಲವೇ ಗಂಟೆಗಳಲ್ಲಿ ಅದನ್ನು ಮುಚ್ಚಬೇಕಾಯಿತು, ಮೇಲ್ಮೈ ಜಾರುತ್ತಿತ್ತು. ರಿಬ್ಬನ್ ಕಾಣುತ್ತದೆ, ಮೇಲ್ಮೈಯ ಹಿಡಿತ ಕಾಣುವುದಿಲ್ಲ. ನಲವತ್ತು ಮಹಡಿಯ ಗೋಪುರ ಕಾಣುತ್ತದೆ, ಅದಕ್ಕೆ ಬೇಕಾದ ನೀರಿನ ಪೈಪು ಕಾಣುವುದಿಲ್ಲ. 2018ರ ಮಳೆಗಾಲದಲ್ಲಿ ಕಲ್ಯಾಣ-ಡೊಂಬಿವಲಿಯ ಗುಂಡಿಗಳು ಹಲವರ ಜೀವ ತೆಗೆದವು. ಅವರ್ಯಾರೂ 35 ಇಂಚಿನ ಮೇಲೆ ಕೂತು ಹೋಗುತ್ತಿದ್ದವರಲ್ಲ.

ಮಹೀಂದ್ರದವರು ನಲವತ್ತರ ದಶಕದ ಕೊನೆಯಲ್ಲಿ ಈ ಮುಂಬಯಿಯಲ್ಲೇ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿದರು. ಆ ಕಾಲದ ಸಿಜೆ-2ಎ ಜೀಪಿನ ಎಂಜಿನ್ನಿನ ಬಲ 60 ಕುದುರೆ, ಟೈರು ಈಗಿನವರು ಕಂಡರೆ ನಗುವಷ್ಟು ಸಪೂರ. ಆದರೆ ಆಕ್ಸಲ್ಲಿನಲ್ಲಿ ಅನುಪಾತ 5.38: ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ಕಾಣದ ಜಾಗದಲ್ಲಿ ಎಲ್ಲ ಬಲ. ಹೊಲ ಉತ್ತು, ಭಾರ ಎಳೆದು, ಗುಡ್ಡ ಹತ್ತಿದ ಗಾಡಿ ಅದು. ಹಿಂದಿನ ಗಾಜಿನ ಮೇಲೆ ಹುಲಿಯ ಸ್ಟಿಕ್ಕರು ಅಂಟಿಸೋಣವೆಂದರೆ ಹಿಂದೆ ಗಾಜೇ ಇರಲಿಲ್ಲ.

ಇದೆಲ್ಲ ತಲೆನೋವು ಬೇಡ ಎನ್ನುವವರಿಗೆ ಅಗ್ಗದ ದಾರಿಯೊಂದಿದೆ. ಕಂಪನಿ ಕೊಟ್ಟ ಟೈರನ್ನೇ ಉಳಿಸಿಕೊಳ್ಳಿ. 31 ಭಾಗಿಸು 31 ಒಂದು. ಯಾವ ಅನುಪಾತಕ್ಕೆ ಗುಣಿಸಿದರೂ ಬದಲಾಗುವುದಿಲ್ಲ, ಖರ್ಚು ಸೊನ್ನೆ. ದೊಡ್ಡದೇ ಬೇಕೆಂಬ ಹಟವಿದ್ದರೆ ಎರಡು ಚೆಕ್ಕು ಬರೆಯಿರಿ, ಒಂದು ಟೈರಿಗೆ, ಒಂದು ಗೇರಿಗೆ. ಮೊದಲನೆಯದನ್ನು ಮಾತ್ರ ಬರೆದು, ಎರಡನೆಯದನ್ನು ಮುಂದಿನ ವರ್ಷಕ್ಕೆ ತಳ್ಳಿ, ನಡುವೆ ಫೋಟೊ ತೆಗೆಸಿಕೊಳ್ಳುವ ಜಾಣರು ಗಾಡಿ ಓಡಿಸುತ್ತ ಕಾಲಹರಣ ಮಾಡಬಾರದು. ಅವರು ಮಹಾನಗರಪಾಲಿಕೆಗೆ ನಿಲ್ಲಬೇಕು. ಕೆಲಸ ಪೂರ್ತಿ ಗೊತ್ತಿದೆ.