ಶಿಶುಪಿಯಾನೋಧಿಕಾರ ನಿರ್ಣಯ

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮೊದಲು ಅದರ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು, ಅಂದರೆ ಅನುಬಂಧ ಚತುಷ್ಟಯವನ್ನು, ನಿರ್ಣಯಿಸಿಕೊಳ್ಳಬೇಕೆಂಬುದು ಹಿಂದಿನವರ ಕ್ರಮ. ಪಿಯಾನೋ ಪಾಠದ ವಿಚಾರದಲ್ಲಿ ಕೊನೆಯ ಮೂರರ ಬಗ್ಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಿನ ವಿವಾದವಿಲ್ಲ: ವಿಷಯವು 52 ಬಿಳಿ, 36 ಕಪ್ಪು, ಒಟ್ಟು 88 ಕೀಗಳ ವಾದ್ಯ (ಬಾಡಿಗೆ ಮನೆಗಳಲ್ಲಿ 61 ಕೀಗಳ ಎಲೆಕ್ಟ್ರಾನಿಕ್ ಕೀಬೋರ್ಡು ಅದರ ಪ್ರತಿನಿಧಿಯಾಗಿ ಸಲ್ಲುತ್ತದೆ), ಸಂಬಂಧವು ತಿಂಗಳ ಫೀಸಿನ ಮೂಲಕ ಏರ್ಪಡುತ್ತದೆ, ಪ್ರಯೋಜನವು ನೆಂಟರು ಬಂದಾಗ ಸಿದ್ಧಿಸುತ್ತದೆ. ಅಧಿಕಾರಿ ಎಂದರೆ ಆ ವಿದ್ಯೆಗೆ ತಕ್ಕ ಅರ್ಹತೆ ಪಡೆದವನು. ಮಗು ಎಂದಿನಿಂದ ಅಂಥ ಅಧಿಕಾರಿಯಾಗುತ್ತದೆ ಎಂಬ ಪ್ರಶ್ನೆಯೊಂದೇ ಇತ್ಯರ್ಥವಾಗದೆ ಉಳಿದಿರುವುದರಿಂದ ಈ ಪ್ರಬಂಧ ಅಗತ್ಯವಾಯಿತು.

ಅಧಿಕಾರವನ್ನು ತಿಳಿಯಲು ಗೃಹಸ್ಥರು ಬಳಸುವ ಪ್ರಮಾಣಗಳು, ಅಂದರೆ ಯಥಾರ್ಥ ಜ್ಞಾನದ ಸಾಧನಗಳು, ನ್ಯಾಯಶಾಸ್ತ್ರದಲ್ಲಿ ಹೇಳಿದ ನಾಲ್ಕೇ ಆಗಿವೆ. ಮಗು ಸೌಟಿನಿಂದ ಸ್ಟೀಲ್ ತಟ್ಟೆಯನ್ನು ಬಡಿಯುವುದು ಪ್ರತ್ಯಕ್ಷ. ಹೊಗೆಯಿದ್ದಲ್ಲಿ ಬೆಂಕಿಯಿರುವಂತೆ ಬಡಿತವಿದ್ದಲ್ಲಿ ಪ್ರತಿಭೆಯಿರುತ್ತದೆ ಎಂಬುದು ಅನುಮಾನ. ಈ ವ್ಯಾಪ್ತಿ, ಎಂದರೆ ಎರಡರ ತಪ್ಪದ ಸಾಹಚರ್ಯ, ಬರಿದೇ ಹಸಿದ ಮಗುವಿನಲ್ಲೂ ಬಡಿತ ಕಾಣುವುದರಿಂದ ಕೆಟ್ಟುಹೋಗುತ್ತದೆಂದು ತಾರ್ಕಿಕರು ಆಕ್ಷೇಪಿಸಬಹುದಾದರೂ, ಅಡುಗೆಮನೆಯಲ್ಲಿ ಆ ಹೊತ್ತಿಗೆ ತಾರ್ಕಿಕರು ಇರುವುದಿಲ್ಲ. ಮೂರನೆಯ ಮಹಡಿಯ ಮಗುವನ್ನು ನೋಡಿ ತಮ್ಮದನ್ನು ಅಳೆಯುವುದು ಉಪಮಾನ. ವ್ಯವಹಾರದಲ್ಲಿ ಎಲ್ಲಕ್ಕಿಂತ ಪ್ರಬಲವಾದದ್ದು ಇದೇ. ಮಗುವಿಗೆ ತಾತನ ಕಿವಿಯೇ ಬಂದಿದೆ ಎಂಬ ಅಜ್ಜಿಯ ಮಾತು ಶಬ್ದಪ್ರಮಾಣ; ಆ ತಾತನಿಗೆ ಕಿವಿ ಮಂದವಾಗಿತ್ತೆಂಬ ಪ್ರತಿವಾದವನ್ನು ಆಪ್ತವಾಕ್ಯದ ಎದುರು ಎತ್ತುವಂತಿಲ್ಲ.

ಶೀಘ್ರಾರಂಭವಾದಿಗಳು, ಅಂದರೆ ಹಾಲುಹಲ್ಲು ಬೀಳುವ ಮೊದಲೇ ಪಾಠ ನಡೆಯಬೇಕೆನ್ನುವವರು, ಮೊಝಾರ್ಟನನ್ನು ಮುಂದಿಡುತ್ತಾರೆ. 1756ರಲ್ಲಿ ಸಾಲ್ಜ್‌ಬರ್ಗಿನಲ್ಲಿ ಹುಟ್ಟಿದ ಈತ, ಐದನೆಯ ಹುಟ್ಟುಹಬ್ಬದ ಹಿಂದಿನ ದಿನ, 1761ರ ಜನವರಿ 26ರ ರಾತ್ರಿ ಒಂಬತ್ತೂವರೆಗೆ, ಒಂದು ಮಿನ್ಯುಯೆಟ್ಟನ್ನು (ಮೂರರ ಎಣಿಕೆಯ ನೃತ್ಯಗತಿಯ ಸಣ್ಣ ರಚನೆ) ಅರ್ಧ ಗಂಟೆಯಲ್ಲಿ ಕಲಿತನೆಂದು ತಂದೆ ಲಿಯೋಪೋಲ್ಡ್ ಅಭ್ಯಾಸದ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಇದರಿಂದ ಪ್ರತಿಭೆ ಸಿದ್ಧವಾಯಿತೆಂದು ವಾದಿಗಳು ಹೇಳಿದರೂ, ನಿಷ್ಪಕ್ಷಪಾತವಾಗಿ ನೋಡುವವರಿಗೆ ಸಿದ್ಧವಾಗುವುದು ಆ ಮನೆಯಲ್ಲಿ ಮಗುವನ್ನು ಹೊತ್ತಿಗೆ ಸರಿಯಾಗಿ ಮಲಗಿಸುತ್ತಿರಲಿಲ್ಲ ಎಂಬುದಷ್ಟೇ. ಮೇಲಾಗಿ ಆ ಪುಸ್ತಕ ಅಕ್ಕ ನಾನ್ನೆರ್ಲಳಿಗಾಗಿ ಸಿದ್ಧಪಡಿಸಿದ್ದು. ತಂದೆಯೋ ಮಗ ಹುಟ್ಟಿದ ವರ್ಷವೇ ಪಿಟೀಲು ಕಲಿಸುವ ಕ್ರಮದ ಗ್ರಂಥವನ್ನು ಅಚ್ಚು ಹಾಕಿಸಿದ್ದವನು. ಆದುದರಿಂದ ಈ ದೃಷ್ಟಾಂತವನ್ನು ಬಳಸಲಿಚ್ಛಿಸುವವರು ಮೊದಲು ಒಂದು ಹೆಣ್ಣುಮಗುವನ್ನು ಪಡೆದು, ಅದಕ್ಕೆ ಪಾಠ ಹೇಳಿ, ನಡುವೆ ಗ್ರಂಥವೊಂದನ್ನು ರಚಿಸಿ, ಆಮೇಲೆ ಪ್ರಸ್ತುತ ಮಗುವಿನ ವಿಚಾರಕ್ಕೆ ಬರತಕ್ಕದ್ದು.

ಮೈಸೂರಿನ ವಾದಿಗಳು ಸಾಲ್ಜ್‌ಬರ್ಗಿನವರೆಗೆ ಹೋಗುವುದಿಲ್ಲ; ಅವರಿಗೆ ಜಯಚಾಮರಾಜ ಒಡೆಯರೇ ಸಾಕು. ಕಚೇರಿ ನಡೆಸುವ ಪಿಯಾನೋ ವಾದಕರಾಗಬೇಕೆಂಬ ಆಸೆಯಿದ್ದ ಅವರು, 1940ರಲ್ಲಿ ತಂದೆಯನ್ನೂ ದೊಡ್ಡಪ್ಪನನ್ನೂ ಒಂದೇ ವರ್ಷ ಕಳೆದುಕೊಂಡು, ಸ್ಟೂಲಿನ ಬದಲು ಸಿಂಹಾಸನ ಏರಬೇಕಾಯಿತು. ರಷ್ಯಾದ ಮೆಡ್ಟ್‌ನರ್ ತನ್ನ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದ್ದು ಆಮೇಲಿನ ಮಾತು. ಆರಂಭದ ವಯಸ್ಸಿನ ಬಗ್ಗೆ ಇದರಿಂದ ಏನೂ ಹೊರಡದಿದ್ದರೂ, ಪಿಯಾನೋ ಬಿಡಲು ಸಭ್ಯವೆನಿಸುವ ಕಾರಣ ಎಷ್ಟು ಎತ್ತರದ್ದಿರಬೇಕೆಂಬುದು ತಿಳಿಯುತ್ತದೆ. ಅಬ್ಯಾಕಸ್ ಕ್ಲಾಸು ಆ ಎತ್ತರದ್ದಲ್ಲ.

ಇನ್ನು ಅಂಗಲಕ್ಷಣಗಳು. ಒಂದು ಸ್ವರದಿಂದ ಮೇಲಿನ ಸ್ಥಾಯಿಯ ಅದೇ ಸ್ವರಕ್ಕಿರುವ ದೂರ ಸುಮಾರು 16.5 ಸೆಂ.ಮೀ. ಆಗಿದ್ದು ಐದಾರು ವರ್ಷದ ಕೈಗೆ ಎಟುಕದ ಕಾರಣ, ಆರಂಭದ ಪಾಠಗಳನ್ನು ಐದು ಬೆರಳಿಗೆ ಐದು ಕೀ ಎಂಬ ಲೆಕ್ಕದಲ್ಲಿ ರಚಿಸಲಾಗಿದೆ. ಫ್ಲಾರೆನ್ಸಿನ ಕ್ರಿಸ್ಟೊಫೊರಿ 1700ರ ಸುಮಾರಿಗೆ ಈ ವಾದ್ಯವನ್ನು ರೂಪಿಸಿದ್ದೇ ಮೆಲ್ಲಗೆ ಒತ್ತಿದರೆ ಮೆಲುದನಿ, ಬಲವಾಗಿ ಒತ್ತಿದರೆ ಜೋರುದನಿ ಹೊರಡಲೆಂದು. ಈ ಎರಡರಲ್ಲಿ ಒಂದನ್ನು ಮಗು ಪಾಠವಿಲ್ಲದೆಯೇ ಸಾಧಿಸಿಕೊಂಡಿರುತ್ತದೆ. ಕನ್ನಡದ ಮನೆಯ ಮಗುವಿಗೆ ಬೇರೆ ಅಡ್ಡಿಗಳೂ ಉಂಟು. ಅಕ್ಕನ ಪಕ್ಕದಲ್ಲಿ ಕುಳಿತು ಆದಿತಾಳ ಹಾಕಿದ ಮಗು, ಒಂದು ತಟ್ಟಿನ ಬಳಿಕ ಎಣಿಕೆಯನ್ನು ಕಿರುಬೆರಳಿನಿಂದ ಹಿಡಿಯಲು ಕಲಿತಿದ್ದರೆ, ಪಿಯಾನೋ ಪುಸ್ತಕವು ಹೆಬ್ಬೆರಳಿಗೆ 1 ಎಂದೂ ಕಿರುಬೆರಳಿಗೆ 5 ಎಂದೂ ಅಂಕೆ ಕೊಡುತ್ತದೆ. ಅದಕ್ಕಿಂತ ಗಹನವಾದದ್ದು ಎಡಗೈಯ ಸಮಸ್ಯೆ. ಉಣ್ಣಬಾರದು, ಪ್ರಸಾದಕ್ಕೆ ಚಾಚಬಾರದು, ದುಡ್ಡು ಕೊಡಬಾರದು ಎಂದು ಹುಟ್ಟಿದಂದಿನಿಂದ ಹಿಂದೆ ಸರಿಸಿಟ್ಟ ಕೈಯನ್ನು ಒಂದು ಸಂಜೆ ಹಠಾತ್ತನೆ ಬಲಗೈಗೆ ಸರಿಸಮವಾಗಿ ಕೂರಿಸಿ, ಮಂದ್ರ ಸ್ಥಾಯಿಯ ಹೊಣೆಯನ್ನು ಅದಕ್ಕೆ ವಹಿಸಲಾಗುತ್ತದೆ. ಮಗು ಆಗ ಅಪ್ಪಣೆಗಾಗಿ ತಾಯಿಯ ಮುಖ ನೋಡುವುದು ಸಹಜ. ಶಿಕ್ಷಕರು ಅದನ್ನು ಏಕಾಗ್ರತೆಯ ಕೊರತೆಯೆಂದು ಬರೆದುಕೊಳ್ಳುತ್ತಾರೆ.

ಸಿದ್ಧಾಂತವಾದರೋ ಹೀಗಿದೆ. ಅಧಿಕಾರವನ್ನು ವಯಸ್ಸಿನಿಂದಲೂ ಬೆರಳಿನಿಂದಲೂ ಅಳೆಯುವುದು ವ್ಯರ್ಥ. ಅಳೆಯಬೇಕಾದದ್ದು ಎರಡು ಸಾಮರ್ಥ್ಯಗಳ ನಡುವಿನ ಅಂತರವನ್ನು. ಮೊದಲನೆಯದು ಪೀಠಾರೋಹಣ, ಅಂದರೆ ಯಾರೂ ಎತ್ತದೆ ಸ್ಟೂಲು ಹತ್ತಿ ಕೂರುವ ಶಕ್ತಿ. ಎರಡನೆಯದು ನಿರಾಕರಣ, ಅಂದರೆ ಒಲ್ಲೆನೆಂದು ಹೇಳಿ ಆ ಮಾತನ್ನು ಊರ್ಜಿತಗೊಳಿಸುವ ಶಕ್ತಿ. ಮೊದಲನೆಯದು ಬಂದು ಎರಡನೆಯದು ಬಾರದಿರುವ ಅವಧಿಯೇ ಅಧಿಕಾರಕಾಲ. ಇಲ್ಲಿ ಹಠವನ್ನು ನಿರಾಕರಣವೆಂದು ಭ್ರಮಿಸಬಾರದು. ನೆಲದ ಮೇಲೆ ಹೊರಳಾಡುವ ಹಠ ಮೊದಲಿನಿಂದಲೂ ಇದ್ದು ಚಾಕೊಲೇಟಿನಿಂದ ಶಮನವಾಗುತ್ತದೆ. ನಿಜವಾದ ನಿರಾಕರಣದ ಗುರುತು ವಾರನಿಯತ ಉದರಶೂಲೆ, ಅಂದರೆ ಪಾಠವಿರುವ ವಾರದಂದೇ ಸಂಜೆ ನಾಲ್ಕೂವರೆಗೆ ತಲೆದೋರಿ, ಇವತ್ತು ಹೋಗುವುದು ಬೇಡ ಬಿಡು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಔಷಧವಿಲ್ಲದೆ ಇಳಿಯುವ ಹೊಟ್ಟೆನೋವು. ಅದು ಕಾಣಿಸಿಕೊಂಡ ದಿನವೇ ಅಧಿಕಾರಕಾಲ ಮುಗಿಯಿತೆಂದು ತಿಳಿಯತಕ್ಕದ್ದು. ಮೂರು ತಿಂಗಳ ಫೀಸನ್ನು ಮುಂಗಡ ಕಟ್ಟಿರುವವರಲ್ಲಿ ಈ ತಿಳಿವಳಿಕೆ ಮೂರು ತಿಂಗಳು ತಡವಾಗಿ ಮೂಡುತ್ತದೆ.

ಯಾರೂ ಹೇಳದೆಯೇ ವಾದ್ಯದ ಬಳಿಗೆ ಹೋಗಿ, ಕೇಳಿದ ಹಾಡನ್ನು ಒಂದೊಂದೇ ಕೀಯಲ್ಲಿ ಹುಡುಕುತ್ತ, ಊಟಕ್ಕೆ ಕರೆದರೂ ಏಳದ ಮಕ್ಕಳೂ ಉಂಟು. ಅವರ ವಿಷಯದಲ್ಲಿ ಶಾಸ್ತ್ರಕ್ಕೆ ಕೆಲಸವಿಲ್ಲ. ಅವರ ಮನೆಯವರು ಪಾಠ ಎಂದು ಆರಂಭವಾಗಬೇಕೆಂದು ಕೇಳದೆ, ಸದ್ದು ಎಂದು ನಿಲ್ಲುತ್ತದೆಂದು ಕೇಳುತ್ತಾರೆ.

ಅಧಿಕಾರಕಾಲ ಮೀರಿದಾಗ ಪ್ರಾಯಶ್ಚಿತ್ತವೇನೆಂಬ ಪ್ರಶ್ನೆ ಉಳಿಯುತ್ತದೆ. ಕೊಂಡ ಕೀಬೋರ್ಡು ದಂಡವಾಗಬಾರದೆಂದು ತಂದೆ ತಾನೇ ಕಲಿಯಲು ಹೊರಡುವುದು ಒಂದು ಸಂಪ್ರದಾಯ. ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ ಗ್ರೇಡ್ ಪರೀಕ್ಷೆಗಳಿಗೆ ವಯಸ್ಸಿನ ಮಿತಿಯಿಲ್ಲದಿರುವುದರಿಂದ ಇದಕ್ಕೆ ಶಾಸ್ತ್ರವಿರೋಧವಿಲ್ಲ; ಪೀಠಾರೋಹಣವೂ ಅನಾಯಾಸ. ಆದರೆ ನಿರಾಕರಣ ಸಾಮರ್ಥ್ಯ ಅವನಲ್ಲಿ ಪೂರ್ಣವಾಗಿ ಬಲಿತಿರುವ ಕಾರಣ, ಎರಡನೆಯ ವಾರದಿಂದಲೇ ಉದರಶೂಲೆಯ ಪ್ರೌಢ ರೂಪವೊಂದು ಕಾಣಿಸಿಕೊಳ್ಳುತ್ತದೆ. ಅದನ್ನು ವ್ಯವಹಾರದಲ್ಲಿ ಸಂಜೆ ಆರರ ಮೀಟಿಂಗ್ ಎನ್ನುತ್ತಾರೆ.