ಸಹಮತ್ಸ್ಯ ಮೀಮಾಂಸೆ: ಮಸ್ಕಿ ಶಾಸನಕ್ಕೊಂದು ನೀರಿನ ಭಾಷ್ಯ

1915ರಲ್ಲಿ ಚಿನ್ನ ಹುಡುಕುತ್ತ ಬಂದ ಸಿ. ಬೀಡನ್ ಎಂಬ ಎಂಜಿನಿಯರಿಗೆ ಮಸ್ಕಿಯ ಬಂಡೆಯಲ್ಲಿ ಚಿನ್ನದ ಬದಲು ಅಕ್ಷರ ಸಿಕ್ಕಿತು. ಅಲ್ಲಿಯತನಕ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳ ಹಿಂದೆ ಅಡಗಿದ್ದ ದೊರೆಯ ಹೆಸರು ಅಶೋಕ ಎಂದು ಆ ಬಂಡೆ ಬಾಯಿಬಿಟ್ಟಿತು. ವಿದ್ವಾಂಸರು ಇಷ್ಟಕ್ಕೇ ಹಿಗ್ಗಿ ನಿಂತುಬಿಟ್ಟರು. ಮುಂದಿನ ಸಾಲುಗಳು ಅಕ್ವೇರಿಯಮ್ಮಿಗೆ ಸಂಬಂಧಿಸಿದವು ಎಂಬುದು ನೂರು ವರ್ಷ ದಾಟಿದರೂ ಯಾರ ಗಮನಕ್ಕೂ ಬಂದಿಲ್ಲ. ಈ ಅನ್ಯಾಯವನ್ನು ಸರಿಪಡಿಸಲು ನಾವು ಲೇಖನಿ ಹಿಡಿದಿದ್ದೇವೆ.

ಶಾಸನದ ತಾತ್ಪರ್ಯ ಹೀಗಿದೆ: ಜಂಬೂದ್ವೀಪದಲ್ಲಿ ಮೊದಲು ಬೆರೆಯದೆ ಇದ್ದ ದೇವತೆಗಳು ಈಗ ಬೆರೆತಿದ್ದಾರೆ, ಈ ಫಲ ದೊಡ್ಡವರಿಗಷ್ಟೇ ಅಲ್ಲ, ಕ್ಷುದ್ರಕರಿಗೂ ದಕ್ಕುವಂಥದ್ದು. ಇಲ್ಲಿ ದೇವತೆಗಳೆಂದರೆ ದೇವತೆಗಳೇ ಎಂಬುದು ಪೂರ್ವಪಕ್ಷ. ಸಿದ್ಧಾಂತ ಬೇರೆ. ದೇವತೆ ರೆಪ್ಪೆ ಬಡಿಯುವುದಿಲ್ಲ, ಮೀನೂ ಬಡಿಯುವುದಿಲ್ಲ. ಆದ್ದರಿಂದಲೇ ಅಮರಕೋಶ ‘ಅನಿಮಿಷ’ ಶಬ್ದಕ್ಕೆ ಎರಡೂ ಅರ್ಥ ಕೊಟ್ಟಿದೆ. ಶಾಸನದಲ್ಲಿ ‘ಅನಿಮಿಷ’ ಎಂಬ ಪದವೇ ಇಲ್ಲವಲ್ಲ ಎಂದು ಆಕ್ಷೇಪಿಸುವವರಿಗೆ ಸಂಶೋಧನೆ ನಡೆಯುವ ರೀತಿ ಗೊತ್ತಿಲ್ಲ. ದೇವತೆ ಎಂದರೆ ಮೀನು, ಬೆರೆಯುವುದು ಎಂದರೆ ಒಂದೇ ತೊಟ್ಟಿಯಲ್ಲಿ ಬಾಳುವುದು, ಕ್ಷುದ್ರಕ ಎಂದರೆ ಐದಾರು ಸೆಂಟಿಮೀಟರಿನ ಸಣ್ಣ ಸಿಕ್ಲಿಡ್. ಸಿದ್ಧವಾಯಿತು.

ಈ ಕ್ಷುದ್ರಕರ ಗಾತ್ರ ನೋಡಿ ಮೋಸಹೋಗಬಾರದು. ಸಿಕ್ಲಿಡ್ ಕುಲದ ಮೀನಿಗೆ ಮೂಗಿನ ಒಂದೊಂದು ಬದಿಗೆ ಒಂದೇ ಹೊಳ್ಳೆ. ದವಡೆ ಮಾತ್ರ ಎರಡು ಜೊತೆ, ಬಾಯಲ್ಲೊಂದು, ಗಂಟಲಲ್ಲೊಂದು. ಹೊರಗಿನದರಲ್ಲಿ ಹಿಡಿದು ಒಳಗಿನದರಲ್ಲಿ ಅರೆಯುತ್ತದೆ. ಬಾಯೊಳಗೊಂದು ಬಾಯಿ ಇರುವವರ ಜೊತೆ ಸಹವಾಸ ಎಂಥದ್ದೆಂದು ತಾಲ್ಲೂಕು ಪಂಚಾಯಿತಿ ಚುನಾವಣೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ವಿಚಾರ ನೀರಿನದು. ರಾಮ್ ಎಂಬ ಪುಟ್ಟ ಸಿಕ್ಲಿಡ್ ಓರಿನೋಕೊ ನದಿಯ ಬಯಲಿನದು. (ಹೆಸರು ಕೇಳಿ ಕೈಮುಗಿಯುವುದು ಬೇಡ, ರಾಮಿರೆಜ್ ಎಂಬವನ ಹೆಸರನ್ನು ಮೊಟಕು ಮಾಡಿದ್ದು.) ಅದಕ್ಕೆ ಮೆತ್ತನೆಯ, ತುಸು ಹುಳಿ ನೀರೇ ಆಗಬೇಕು. ಟಾಂಗನೀಕಾ ಸರೋವರದ ಚಿಪ್ಪುವಾಸಿ ಸಿಕ್ಲಿಡ್‌ಗೆ ಗಡಸು, ಕ್ಷಾರದ ನೀರು. ಸಿಂಧನೂರಿನ ಕಾಲುವೆ ನೀರು ಮೊದಲನೆಯದಕ್ಕೆ ಹೇಗೋ ಹೊಂದೀತು. ಕಾಯಿಸಿದ ಪಾತ್ರೆಗೆ ಬಿಳಿ ಹೆಕ್ಕಳ ಕಟ್ಟುವ ಲಿಂಗಸುಗೂರಿನ ಬೋರಿನ ನೀರು ಎರಡನೆಯದಕ್ಕೆ ತವರುಮನೆ. ಆಫ್ರಿಕಾದ ಈ ಮೀನು ಸಂಸಾರ ಹೂಡುವುದು ಖಾಲಿ ಬಸವನಹುಳುವಿನ ಚಿಪ್ಪಿನಲ್ಲಿ. ಚಿಪ್ಪು ಸಿಂಧನೂರಿನ ಭತ್ತದ ಗದ್ದೆಯಲ್ಲಿ ಪುಕ್ಕಟೆ. ಎರಡು ತಾಲ್ಲೂಕು ಕೂಡಿದರೆ ಒಂದು ಟಾಂಗನೀಕಾ ಆಗುತ್ತದೆ. ಆದರೆ ರಾಮ್ ಮತ್ತು ಚಿಪ್ಪುವಾಸಿಯನ್ನು ಒಂದೇ ತೊಟ್ಟಿಗೆ ಬಿಟ್ಟರೆ ಇಬ್ಬರಲ್ಲಿ ಒಬ್ಬರು ಸದಾ ಪರದೇಶಿ.

ಇನ್ನು ಜಾಗದ ವಿಚಾರ. ಸಿಂಧನೂರಿನವರಿಗೆ ಕ್ಯಾಂಪ್ ಎಂದರೇನೆಂದು ಯಾರೂ ಕಲಿಸಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತು, ಆಂಧ್ರದ ರೈತರು ಬಂದು ಕ್ಯಾಂಪ್ ಹಾಕಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಆರ್‌ಎಚ್ ಕ್ಯಾಂಪ್‌ಗಳಾದವು. ಮೊದಲು ಬೇರೆ ಬೇರೆ ಕೂತರು, ಆಮೇಲೆ ಸಂತೆಯಲ್ಲಿ ಬೆರೆತರು. ತೊಟ್ಟಿಗೂ ಇದೇ ಕ್ರಮ: ಪ್ರತಿ ಜೋಡಿಗೊಂದು ಕ್ಯಾಂಪ್. ಅರ್ಧ ತೆಂಗಿನ ಚಿಪ್ಪು ಬೋರಲು ಹಾಕಿ, ಬಾಗಿಲಷ್ಟು ಕೊರೆದು, ನಡುವೆ ಕಲ್ಲು ಕಟ್ಟಿಗೆಯ ಮರೆ ಮಾಡಿದರೆ ನೈಜೀರಿಯಾದ ಕ್ರಿಬೆನ್ಸಿಸ್ ಒಳಗೆ ಮೊಟ್ಟೆ ಇಟ್ಟು ಸುಮ್ಮನಿರುತ್ತದೆ. ಸುಮ್ಮನಿರುತ್ತದೆ ಎಂದರೆ, ಬಾಗಿಲ ಮುಂದೆ ಯಾರೂ ಹಾಯದಿದ್ದರೆ.

ಹಾಯುವವನು ಒಬ್ಬನಿದ್ದಾನೆ: ಕೋರಿಡೋರಾಸ್. ತಳದ ಮರಳು ಮೂಸುತ್ತ ತಿರುಗುವ ಈ ಬಡಪಾಯಿ ಮೀಸೆಮೀನಿಗೆ ಗಡಿ ಗೊತ್ತಿಲ್ಲ, ಬೆದರಿಕೆ ತಿಳಿಯುವುದಿಲ್ಲ. ಹೊಡೆತ ತಿಂದು ಹೋಗಿ ಐದು ನಿಮಿಷಕ್ಕೆ ಮತ್ತೆ ಅದೇ ಬಾಗಿಲಿಗೆ ಬರುತ್ತದೆ, ಸಾಲ ಕೇಳಲು ಬಂದ ನೆಂಟನ ಹಾಗೆ. ಮರಿ ಕಾಯುವ ಕ್ರಿಬೆನ್ಸಿಸ್ ಜೋಡಿ ಇದ್ದಲ್ಲಿ ಇದನ್ನು ಬಿಡಬಾರದು. ಕಾಲುವೆಯ ರಾಜಕಾರಣದಂತೆ ತೊಟ್ಟಿಯಲ್ಲೂ ಹೋರಾಟವೆಲ್ಲ ಕೆಳಭಾಗದವರದೇ. ಆದ್ದರಿಂದ ಸಹವಾಸಿಗಳನ್ನು ಮೇಲ್ಭಾಗದಿಂದ ಆರಿಸತಕ್ಕದ್ದು: ಪೆನ್ಸಿಲ್ ಮೀನು, ಹ್ಯಾಚೆಟ್ ಮೀನು, ಟೆಟ್ರಾ ಗುಂಪು. ಟೆಟ್ರಾ ಗುಂಪಿನ ಕೆಲಸ ಚಂದಕ್ಕಷ್ಟೇ ಅಲ್ಲ. ಅಂಜುಬುರುಕ ಸಿಕ್ಲಿಡ್ ಗವಿಯಿಂದ ಇಣುಕಿ ಮೊದಲು ನೋಡುವುದು ಮೇಲೆ. ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಮಂದಿ ನಿರಾಳ ಕೂತಿದ್ದರೆ ಊರಲ್ಲಿ ಗದ್ದಲವಿಲ್ಲ ಎಂದು ನಾವು ತಿಳಿಯುವುದಿಲ್ಲವೆ? ಟೆಟ್ರಾಗಳು ಆ ಕಟ್ಟೆಯ ಮಂದಿ.

ಯಾವ ಟೆಟ್ರಾ ಎಂಬುದನ್ನು ನಮ್ಮ ಬಿಸಿಲೇ ತೀರ್ಮಾನಿಸುತ್ತದೆ. ರಾಮ್‌ಗೆ 28 ಡಿಗ್ರಿ ಸುಖ. ನಿಯಾನ್ ಟೆಟ್ರಾಗೆ ಅದು ಸೆಕೆ. ಕಾರ್ಡಿನಲ್ ಟೆಟ್ರಾ ತಡೆಯುತ್ತದೆ. ಪೇಟೆಯ ಪುಸ್ತಕಗಳು ಹೀಟರ್ ಕೊಳ್ಳಿರಿ ಎನ್ನುತ್ತವೆ. ಹೊರಗೆ 42 ಡಿಗ್ರಿ ಇರುವ ಮೇ ತಿಂಗಳಲ್ಲಿ ಮಸ್ಕಿಯಲ್ಲಿ ಹೀಟರ್ ಕೇಳಿದರೆ ಅಂಗಡಿಯವ ಮುಖ ನೋಡುತ್ತಾನೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಕರೆಂಟ್ ಹೋಗಿ ಗಾಳಿಯ ಮೋಟರ್ ನಿಂತರೆ ವೈರಿಗಳೂ ಮಿತ್ರರೂ ಒಟ್ಟಿಗೇ ಮೇಲೆ ಬಂದು ಬಾಯಿ ಬಿಡುತ್ತಾರೆ. ಸಂಪೂರ್ಣ ಸಹಬಾಳ್ವೆ ಕಾಣುವುದು ಆಗ ಮಾತ್ರ.

ತೌಲನಿಕ ಅಧ್ಯಯನಕ್ಕೆಂದು ಆರ್‌ಎಚ್ ಕ್ಯಾಂಪಿನ ಹಿರಿಯರೊಬ್ಬರನ್ನು ಕೇಳಿದೆವು: ಯಾವ ಮೀನಿಗೆ ಯಾವುದು ಹೊಂದುತ್ತದೆ? ಅವರು ಕ್ಷಣವೂ ತಡೆಯದೆ “ಸಾಸಿವೆ” ಎಂದರು. ಇದು ಬೇರೊಂದು ದರ್ಶನ, ಅಲ್ಲಗಳೆಯಲು ನಮ್ಮಿಂದಾಗದು.

ಕೊನೆಗೆ ಪ್ರಯೋಗಖಂಡ. ಒಂದು ಅಂಗಡಿಯಲ್ಲಿ ಹೆಸರಿಲ್ಲದ, ಬೆರಳುದ್ದದ, ಮುದ್ದಾದ ಕಪ್ಪು ಮರಿಯೊಂದನ್ನು ಕ್ಷುದ್ರಕನೆಂದೇ ಬಗೆದು ತಂದು ಹನ್ನೆರಡು ಟೆಟ್ರಾಗಳ ಜೊತೆ ಬಿಟ್ಟೆವು. ಜಗಳವಾದರೆ ಎಂದು ಕೇಳಿದ್ದಕ್ಕೆ, “ಏ, ಹೊಂದ್ಕೊಂತಾವ್ ಬಿಡ್ರೀ” ಎಂಬ ಅಭಯ ಸಿಕ್ಕಿತ್ತು. ಹೊಂದಿಕೊಂಡಿತು. ವಾರಕ್ಕೊಂದು ಟೆಟ್ರಾ ಕಡಿಮೆಯಾಯಿತು, ಮರಿ ಅಷ್ಟಷ್ಟೇ ಉದ್ದವಾಯಿತು. ಅದು ಗೇಣು ದಾಟಿದ ಮೇಲೆ ಅದರ ನಿಜನಾಮ ಬಯಲಾಯಿತು: ಆಸ್ಕರ್. ಒಂದಡಿಯ ತನಕ ಬೆಳೆಯುವ ಸಿಕ್ಲಿಡ್. ಬಿರುದಿನ ಹಿಂದಿನ ಹೆಸರು ತಡವಾಗಿ ತಿಳಿಯುವುದು ಮಸ್ಕಿಯ ಪರಿಸರಕ್ಕೆ ಹೊಸದೇನಲ್ಲ.

ಈಗ ತೊಟ್ಟಿಯಲ್ಲಿ ಅದೊಂದೇ ಇದೆ, ರೆಪ್ಪೆ ಬಡಿಯದೆ ನಮ್ಮನ್ನೇ ನೋಡುತ್ತದೆ. ‘ದೇವಾನಾಂಪ್ರಿಯ’ ಎಂಬ ಪದಕ್ಕೆ ಸಂಸ್ಕೃತದಲ್ಲಿ ಬರಬರುತ್ತ ಮೂರ್ಖ ಎಂಬ ಅರ್ಥ ಬಂತೆಂದು ಊಟದ ಹೊತ್ತಿಗೆ ಮನೆಯಲ್ಲಿ ವಿವರಿಸಿದ್ದು ನಮ್ಮದೇ ತಪ್ಪು. ಅಂದಿನಿಂದ ಮನೆಯಾಕೆ ನಮ್ಮನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಿದ್ದಾಳೆ.